ಒಲೆ ಬಿಟ್ಟು ಪಡಸಾಲೆಗೆ

ದಸರೆಯ ಸಂಜೆ ಬೀದರಿನ ಮನೆಗಳ ಬಾಗಿಲು ಮುಚ್ಚಿರುವುದಿಲ್ಲ. ಬನ್ನಿ ಎಲೆ ಹಿಡಿದು ಓಣಿಯವರು, ಬೀಗರು, ಕಚೇರಿಯ ಗೆಳೆಯರು, ಮಕ್ಕಳಿಗೆ ಪಾಠ ಹೇಳಿದ ಮಾಸ್ತರರು ಒಬ್ಬರ ಹಿಂದೊಬ್ಬರು ಬರುತ್ತಾರೆ. ‘ಬಂಗಾರ ತಗೊಂಡು ಬಂಗಾರದಂಗ ಇರ್ರಿ’ ಎಂದು ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ಚಹಾ ಕುಡಿಯದೆ ಯಾರನ್ನೂ ಏಳಗೊಡುವುದಿಲ್ಲ. ಐವರು ಎದ್ದರು ಅನ್ನುವಷ್ಟರಲ್ಲಿ ಎಂಟು ಜನ ಚಪ್ಪಲಿ ಬಿಡುತ್ತಿರುತ್ತಾರೆ. ರಾತ್ರಿ ಊಟದ ಹೊತ್ತು ಮೀರುವ ತನಕ ಇದೇ ಓಡಾಟ. ಭಾಲ್ಕಿಯಲ್ಲೂ ಹೀಗೆ, ಔರಾದಿನಲ್ಲೂ ಹೀಗೆ.

ಆ ಸಂಜೆ ಪಡಸಾಲೆಯಲ್ಲಿ ಕಾಣದ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ‘ವೈನಿ ಎಲ್ಲಿ? ಕಾಣವಲ್ಲರು’ ಎಂದು ಬಂದವರು ಕೇಳುತ್ತಾರೆ. ‘ಬಂದೆರೀ’ ಎಂಬ ದನಿ ಒಳಗಿನಿಂದ ಬರುತ್ತದೆ, ಮನುಷ್ಯರು ಬರುವುದಿಲ್ಲ. ಭಗೋಣಿಯಲ್ಲಿ ಹಾಲು ಉಕ್ಕುವ ಹೊತ್ತು, ಶುಂಠಿ ಜಜ್ಜುವ ಹೊತ್ತು, ಹಿಂದಿನ ಗುಂಪಿನ ಕಪ್‌ಬಶಿ ತೊಳೆಯುವ ಹೊತ್ತು. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗ್ಯಾಸಿನ ಮುಂದೆ ನಿಂತವರಿಗೆ ಹಬ್ಬ ಅಂದರೆ ಚಹಾದ ಲೆಕ್ಕ ಅಷ್ಟೇ. ಇದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಸಂಗತಿ.

ಈಚೆಗೆ ದೊಡ್ಡ ಊರುಗಳ ಮನೆಗಳಲ್ಲಿ ಹಬ್ಬದ ದಿನಕ್ಕೆ ‘ಕಾಫಿ ಬಾರ್’ ಸಿಂಗರಿಸುವ ರೂಢಿ ಬಂದಿದೆ. ಚಂದದ ಮೇಜು, ಮೇಲೊಂದು ದೀಪದ ಸರ, ಕಾಫಿ ಯಂತ್ರ, ಬಣ್ಣಬಣ್ಣದ ಸಿರಪ್ಪಿನ ಶೀಶೆಗಳು. ಬೆಂಗಳೂರು, ಹೈದರಾಬಾದಿನಲ್ಲಿ ನೌಕರಿಗಿರುವ ನಮ್ಮ ಮಕ್ಕಳು ಊರಿಗೆ ಬಂದಾಗ ಇದರ ಫೋಟೊ ತೋರಿಸುತ್ತಾರೆ. ಯಂತ್ರ, ಸಿರಪ್ಪು ನಮಗೆ ಬೇಡ. ಆದರೆ ಆ ಮೇಜಿನ ಹಿಂದಿನ ವಿಚಾರ ನಮ್ಮ ಮನೆಗಳಿಗೆ ಬೇಕೇ ಬೇಕು. ಕುಡಿಯುವ ಪದಾರ್ಥ ಅಡುಗೆಮನೆಯಿಂದ ಹೊರಬಂದು ಪಡಸಾಲೆಯ ಮೂಲೆಯಲ್ಲಿ ಕೂತರೆ, ಅದನ್ನು ಬಗ್ಗಿಸಿ ಕೊಡುವ ಕೆಲಸ ಮನೆಯ ಯಾರದ್ದಾದರೂ ಆಗಬಹುದು.

ತೊಡಕಿರುವುದು ನಾವು ಚಹಾ ಮಾಡುವ ಬಗೆಯಲ್ಲಿ. ನೀರು, ಹಾಲು, ಸಕ್ಕರೆ, ಪುಡಿ, ಶುಂಠಿ ಎಲ್ಲವನ್ನೂ ಒಂದೇ ಭಗೋಣಿಗೆ ಹಾಕಿ ಕುದಿಸುತ್ತೇವೆ. ಆ ಕ್ಷಣಕ್ಕೆ ಅದರಷ್ಟು ರುಚಿ ಬೇರೆ ಇಲ್ಲ. ಆದರೆ ಅದು ಕಾಯುವ ಪದಾರ್ಥವಲ್ಲ. ಪುಡಿ ಒಳಗೇ ಉಳಿದರೆ ಒಗರು ಇಳಿಯುತ್ತಲೇ ಇರುತ್ತದೆ, ಮತ್ತೆ ಕಾಯಿಸಿದರೆ ಕಹಿ. ಹಾಗಾಗಿ ಗುಂಪು ಬಂದಂತೆಲ್ಲ ಹೊಸದಾಗಿ ಇಡಬೇಕು, ಇಡುವವರು ಒಲೆ ಬಿಟ್ಟು ಕದಲುವಂತಿಲ್ಲ.

ಫಿಲ್ಟರ್ ಕಾಫಿಯ ಸ್ವಭಾವ ಬೇರೆ. ಅದರ ಜೀವ ಇರುವುದು ಡಿಕಾಕ್ಷನ್ನಿನಲ್ಲಿ. ಮಧ್ಯಾಹ್ನ ಇಳಿಸಿಟ್ಟು ಮುಚ್ಚಿದರೆ ರಾತ್ರಿ ತನಕ ತಡೆಯುತ್ತದೆ. ಹಾಲು ಬೇರೆ, ಡಿಕಾಕ್ಷನ್ ಬೇರೆ, ಸಕ್ಕರೆ ಬೇರೆ. ಮೂರೂ ಕೂಡುವುದು ಕಪ್ಪಿನಲ್ಲಿ. ಬಗ್ಗಿಸುವುದಕ್ಕೆ ಅಡುಗೆಯ ಪರಿಣತಿ ಬೇಕಿಲ್ಲ, ಹೈಸ್ಕೂಲಿನ ಹುಡುಗನಿಗೂ ಬರುತ್ತದೆ.

ಇದು ದಕ್ಷಿಣದವರ ವಿದ್ಯೆ, ನಮಗೆ ಒಗ್ಗದು ಅನ್ನುವವರು ಹೈದರಾಬಾದಿನ ಇರಾನಿ ಹೋಟೆಲನ್ನು ನೆನಪಿಸಿಕೊಳ್ಳಬೇಕು. ಅಲ್ಲಿ ಚಹಾದ ಕಷಾಯ ಒಂದು ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ದಮ್ಮಿಗೆ ಕೂತಿರುತ್ತದೆ. ಹಾಲು ಇನ್ನೊಂದು ಪಾತ್ರೆಯಲ್ಲಿ ಕುದಿದು ಕುದಿದು ಗಟ್ಟಿಯಾಗುತ್ತಿರುತ್ತದೆ. ಗಿರಾಕಿ ಬಂದಾಗ ಎರಡೂ ಕಪ್ಪಿನಲ್ಲಿ ಸೇರುತ್ತವೆ. ಮೈಸೂರಿನ ಅಡುಗೆಮನೆಯ ಫಿಲ್ಟರೂ ಇರಾನಿಯವರ ಪಾತ್ರೆಯೂ ಮಾಡುವುದು ಒಂದೇ ಕೆಲಸ: ಬರುವವರಿಗಿಂತ ಮೊದಲೇ ಸಿದ್ಧವಾಗಿರುವುದು. ಹೈದರಾಬಾದಿಗೆ ಹೋಗಿಬಂದು ಮಾಡುವ ಬೀದರಿನವರಿಗೆ ಆ ರುಚಿ ಹೊಸದಲ್ಲ. ಹೋಟೆಲಿನವರು ಕಂಡುಕೊಂಡ ಉಪಾಯ ಮಾತ್ರ ನಮ್ಮ ಮನೆಯೊಳಗೆ ಬರಲಿಲ್ಲ.

ನಾವು ಚಹಾದವರಾದದ್ದಕ್ಕೆ ಕಾರಣ ಭೂಗೋಳವೂ ಹೌದು, ಚರಿತ್ರೆಯೂ ಹೌದು. 1948ರ ತನಕ ಈ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೈದರಾಬಾದ್ ನಮಗೆ ಸುಮಾರು 140 ಕಿಲೋಮೀಟರು, ಬೆಂಗಳೂರು ಹತ್ತಿರಹತ್ತಿರ 700. ಔರಾದಿನಿಂದ ಮಹಾರಾಷ್ಟ್ರದ ದೇಗಲೂರು, ಉದಗೀರಗಳು ಕೂಗಳತೆಯಲ್ಲಿವೆ. ಸುತ್ತಲಿನ ಸೀಮೆಯೆಲ್ಲ ಚಹಾ ಕುಡಿಯುವಾಗ ನಾವೂ ಅದನ್ನೇ ಕುಡಿದೆವು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ನಮ್ಮದೇ ರಾಜ್ಯದ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆದರೂ ರಾಜ್ಯದ ಈ ತುದಿಯ ಮನೆಗಳಲ್ಲಿ ಕಾಫಿ ಅಂದರೆ ಇವತ್ತಿಗೂ ಬಹುಮಟ್ಟಿಗೆ ಪೊಟ್ಟಣದೊಳಗಿನ ಇನ್‌ಸ್ಟಂಟ್ ಪುಡಿ. ಯೆಮೆನ್ನಿನ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟವರು ಬಾಬಾ ಬುಡನ್ ಎಂಬ ಸೂಫಿ ಸಂತರು ಎಂಬ ಪ್ರತೀತಿಯಿದೆ. ಅಷ್ಟೂರಿನಲ್ಲಿ ಸಂತರೆಂದು ಪೂಜಿಸುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಜಾತ್ರೆಗೆ ಎಲ್ಲ ಜಾತಿಯವರೂ ಹೋಗುವ ಊರು ನಮ್ಮದು. ಸೂಫಿಯೊಬ್ಬರು ತಂದ ಬೆಳೆ ನಮಗೆ ಪರಕೀಯ ಅನಿಸಬೇಕಾಗಿಲ್ಲ.

ಈಗ ಮೇಜಿನ ಮಾತು. ಚಹಾ ಬಿಡಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಎರಡನ್ನೂ ಇಡಬಹುದು. ಮೂರು ಥರ್ಮಾಸ್ ಸಾಕು: ಒಂದರಲ್ಲಿ ಹಾಲು, ಒಂದರಲ್ಲಿ ಇರಾನಿ ರೀತಿಯಲ್ಲಿ ದಮ್ಮಿಗಿಟ್ಟು ಸೋಸಿದ ಚಹಾದ ಕಷಾಯ, ಇನ್ನೊಂದರಲ್ಲಿ ಬರೀ ಬಿಸಿನೀರು. ಸೋಸಿದ ಮೇಲೆ ಪುಡಿ ಇಲ್ಲದ ಕಾರಣ ಕಷಾಯಕ್ಕೆ ಮತ್ತೆ ಒಗರು ಇಳಿಯುವುದಿಲ್ಲ. ಕಾಫಿ ಡಿಕಾಕ್ಷನ್ ಸ್ಟೀಲಿನ ಮುಚ್ಚಳದ ಪಾತ್ರೆಯಲ್ಲಿರಲಿ. ಆರಿದ್ದರೆ ಆ ಪಾತ್ರೆಯನ್ನು ಬಿಸಿನೀರಿನಲ್ಲಿ ಕೂಡಿಸಿ ಬೆಚ್ಚಗೆ ಮಾಡಬೇಕು, ನೇರ ಉರಿಗಿಟ್ಟು ಕುದಿಸಿದರೆ ಸುವಾಸನೆ ಹೋಗಿ ಕಹಿ ಉಳಿಯುತ್ತದೆ. ಕರೆಂಟು ಹೋದರೂ ಈ ಮೇಜು ನಡೆಯುತ್ತದೆ ಎಂಬುದು ಹಳ್ಳಿಮನೆಗಳಿಗೆ ದೊಡ್ಡ ಅನುಕೂಲ.

ಲೆಕ್ಕ ಹೀಗೆ. 120 ಮಿಲಿಲೀಟರಿನ ಸಣ್ಣ ಕಪ್ಪಿಗೆ ಸುಮಾರು 35 ಮಿಲಿ ಡಿಕಾಕ್ಷನ್, ಉಳಿದದ್ದು ಹಾಲು. ಇಪ್ಪತ್ತು ಕಪ್ಪಿಗೆ 140 ಗ್ರಾಂ ಪುಡಿ, ಒಂದು ಲೀಟರ್ ನೀರು, ಒಂದೂಮುಕ್ಕಾಲು ಲೀಟರ್ ಹಾಲು. ಪುಡಿ ತಾನೇ ಒಂದಷ್ಟು ನೀರು ಹೀರಿಕೊಳ್ಳುವುದರಿಂದ ಲೀಟರ್ ನೀರಿಗೆ ಮುಕ್ಕಾಲು ಲೀಟರ್‌ನಷ್ಟು ಡಿಕಾಕ್ಷನ್ ಕೈಗೆ ಬರುತ್ತದೆ. ಮನೆಯ ಫಿಲ್ಟರ್ ಚಿಕ್ಕದಿದ್ದರೆ ಬೆಳಿಗ್ಗೆಯಿಂದಲೇ ಎರಡು ಮೂರು ಸಲ ಇಳಿಸಬೇಕು. ಪುಡಿಯನ್ನು ಮೇಲಿನ ಡಬ್ಬಿಯಲ್ಲಿ ಹಗುರವಾಗಿ ಒತ್ತಿ, ಕುದಿ ಬಂದು ಇಳಿಸಿದ ನೀರನ್ನು ಸುತ್ತ ಹಾಕಿ, ಮುಚ್ಚಿ, ಮರೆತುಬಿಡಬೇಕು. ಅವಸರ ಮಾಡಿ ಅಲ್ಲಾಡಿಸಿದರೆ ಗಸಿ ಇಳಿಯುತ್ತದೆ.

ಪುಡಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿರಿ. ಚಿಕೋರಿ ಬೆರೆಸಿದ ಕಾಫಿಯಲ್ಲಿ ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರಬಾರದು ಎಂಬುದು ಕಾನೂನು. ಎಷ್ಟಿದೆ ಎಂದು ಮೇಲೆ ಬರೆದಿರಲೇಬೇಕು. ಹಾಲು ಹೆಚ್ಚು ಹಾಕುವ ನಮ್ಮ ಬಾಯಿಗೆ 80 ಪಾಲು ಕಾಫಿ, 20 ಪಾಲು ಚಿಕೋರಿ ಹೊಂದುತ್ತದೆ. ಬೀಸಿದ ಪುಡಿ ದಿನ ಕಳೆದಂತೆ ಸಪ್ಪೆಯಾಗುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ರೈಲು ಹತ್ತುವ ಮಕ್ಕಳಿಗೆ ‘ಬರೂವಾಗ ಕಾಲು ಕಿಲೋ ಹೊಸಾ ಪುಡಿ ತರ್ರಿ’ ಎಂದು ಫೋನು ಮಾಡಿದರೆ, ಸಿಹಿಯ ಡಬ್ಬಿಗಿಂತ ಅದು ಒಳ್ಳೆಯ ಉಡುಗೊರೆ.

ಹಾಲಿನ ವಿಷಯದಲ್ಲಿ ಔರಾದಿನವರು ಪುಣ್ಯವಂತರು. ದೇವಣಿ ತಳಿಯ ದನಗಳ ಸೀಮೆ ಅದು. ಮನೆಯ ಆಕಳ ಹಾಲೋ ಎಮ್ಮೆ ಹಾಲೋ ಯಾವುದಾದರೂ ಸರಿ, ನೀರು ಬೆರೆಸದೆ ಚೆನ್ನಾಗಿ ಕುದಿಸಿ, ಬಿಸಿನೀರಿನಿಂದ ತೊಳೆದು ಕಾಯಿಸಿದ ಥರ್ಮಾಸಿಗೆ ತುಂಬಬೇಕು. ಹಾಲು ಉಗುರುಬೆಚ್ಚಗಾದರೆ ಕೆಡುವ ದಾರಿ ಹಿಡಿಯುತ್ತದೆ. ಎರಡು ತಾಸಿಗೊಮ್ಮೆ ಖಾಲಿ ಮಾಡಿ, ತೊಳೆದು, ಹೊಸದಾಗಿ ತುಂಬಬೇಕು. ಹಳೆಯದರ ಮೇಲೆ ಹೊಸದು ಸುರಿಯಬಾರದು.

ನೀರಿನ ಬಗ್ಗೆ ಬೀದರಿನವರಿಗೆ ಹೇಳಿಕೊಡಬೇಕಾದದ್ದೇನೂ ಇಲ್ಲ. ಕೆಂಪು ಜಂಬಿಟ್ಟಿಗೆಯ ಈ ದಿನ್ನೆಯ ಮೇಲೆ ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ರೀತಿಯಲ್ಲಿ ಸುರಂಗ ಬಾವಿಗಳನ್ನು ತೋಡಿದರು, ನೌಬಾದಿನಲ್ಲಿ ಅಂಥದೊಂದನ್ನು ಈಗಲೂ ನೋಡಬಹುದು. ಗುರುನಾನಕರು ಬಂದಾಗ ಸಿಹಿನೀರು ಚಿಮ್ಮಿತೆಂದು ನಂಬುವ ನಾನಕ್ ಝೀರಾ ಗುರುದ್ವಾರ ಇಲ್ಲೇ ಇದೆ. ಆದರೂ ಒಂದು ಮಾತು: ಗಡಸು ನೀರಿನಲ್ಲಿ ಚಹಾದ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ, ಕಾಫಿ ಮಂಕಾಗುತ್ತದೆ. ಮನೆಯ ಕೊಳವೆಬಾವಿಯ ನೀರು ಗಡಸಾಗಿದ್ದರೆ ಡಿಕಾಕ್ಷನ್ನಿಗೆ ಕುಡಿಯುವ ಸಿಹಿನೀರನ್ನೇ ಬಳಸಬೇಕು.

ಸಕ್ಕರೆ ಬೇರೆ ಇಡುವುದರಿಂದ ಆಗುವ ಉಪಕಾರ ಸಣ್ಣದಲ್ಲ. ನಮ್ಮ ಚಹಾದಲ್ಲಿ ಸಕ್ಕರೆ ಭಗೋಣಿಯಲ್ಲೇ ಬಿದ್ದಿರುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರು ‘ನನಗೆ ಬ್ಯಾರೆ ಮಾಡ್ರಿ’ ಎನ್ನಲು ಸಂಕೋಚಪಟ್ಟು ಮನೆಮನೆಯಲ್ಲೂ ಸಿಹಿ ಚಹಾ ಕುಡಿದು, ಮರುದಿನ ತಲೆಸುತ್ತು ಬಂದು ಕೂಡುತ್ತಾರೆ. ಮೇಜಿನ ಮುಂದೆ ನಿಂತ ಮೊಮ್ಮಗ ‘ಅಜ್ಜಾ, ಸಕ್ಕರಿ ಎಷ್ಟು ಹಾಕ್ಲಿ?’ ಎಂದು ಕೇಳಿದರೆ ‘ಬ್ಯಾಡ ತಮ್ಮಾ, ಡಾಕ್ಟ್ರು ಬಿಡು ಅಂದಾರ’ ಎಂದು ಹೇಳುವುದು ಸುಲಭ. ಬೆಲ್ಲದ ಪುಡಿಯನ್ನೂ ಒಂದು ಬಟ್ಟಲಲ್ಲಿ ಇಡಬಹುದು. ಹಾಲು ಕುದಿಯುವಾಗ ಬೆಲ್ಲ ಹಾಕಿದರೆ ಒಡೆಯುವ ಭಯವಿದೆ, ಕಪ್ಪಿನಲ್ಲಿ ಕಲಸಿದರೆ ಆ ಭಯ ಕಡಿಮೆ. ಚಹಾ ಕಾಫಿ ಎರಡೂ ಒಲ್ಲದವರಿಗೆ ಬಿಸಿನೀರಿನ ಥರ್ಮಾಸ್ ಇದೆಯಲ್ಲ, ಪಕ್ಕದಲ್ಲಿ ಶುಂಠಿ, ಮೆಣಸು, ಜೀರಿಗೆಯ ಪುಡಿ ಇಟ್ಟರಾಯಿತು.

ಕಾಗದದ ಕಪ್ಪು ಮಾತ್ರ ಬೇಡವೆಂದು ಕೈಮುಗಿದು ಕೇಳುತ್ತೇನೆ. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪದರ ಇರುತ್ತದೆ. ಅದರಲ್ಲಿ 100 ಮಿಲಿ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು ಕಂಡುಕೊಂಡಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಬಶಿಯಲ್ಲಿ ಸುರಿದು ಊದಿ ಕುಡಿಯುವ ಹಿರಿಯರ ಸುಖವನ್ನು ಕಾಗದದ ಕಪ್ಪು ಕಸಿದುಕೊಳ್ಳುತ್ತದೆ. ಮನೆಯ ಕಪ್‌ಬಶಿ ಸಾಲದಿದ್ದರೆ ಪಕ್ಕದ ಮನೆಯಿಂದ ತರುವುದು ನಮ್ಮ ಓಣಿಗಳಲ್ಲಿ ನಾಚಿಕೆಯ ವಿಷಯವೇ ಅಲ್ಲ.

ಮೇಜಿನ ಸಿಂಗಾರಕ್ಕೆ ಪೇಟೆಯ ದೀಪದ ಸರ ಯಾಕೆ? ಬಹಳ ಮನೆಗಳ ಕಪಾಟಿನಲ್ಲಿ ಮದುವೆಗೆ ಬಂದ ಬಿದರಿ ತಟ್ಟೆಯೊಂದು ಬಟ್ಟೆ ಸುತ್ತಿಕೊಂಡು ಮಲಗಿರುತ್ತದೆ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪೇರಿಸಿದ ಆ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ನಮ್ಮೂರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಬ್ಬದ ದಿನವಾದರೂ ಆ ತಟ್ಟೆ ಹೊರಗೆ ಬರಲಿ. ಒಣ ಪದಾರ್ಥಗಳಿಗೆ ಮಾತ್ರ ಬಳಸಬೇಕು, ಏಕೆಂದರೆ ಹುಳಿ ಮತ್ತು ಒದ್ದೆ ಸತುವಿಗೆ ಆಗುವುದಿಲ್ಲ. ಖಾರಿ, ನಾನ್‌ಖಟಾಯಿ, ಉಸ್ಮಾನಿಯಾ ಬಿಸ್ಕಿಟ್ಟುಗಳನ್ನು ಕಾಗದ ಹಾಸಿ ಜೋಡಿಸಿದರೆ ಆ ಕಪ್ಪು ಬಿಳುಪಿನ ಮುಂದೆ ಬೇರೆ ಅಲಂಕಾರ ಬೇಡ. ಚೂಡಾ, ಶಂಕರಪೋಳಿ ದೊಡ್ಡ ಡಬ್ಬಿಗಳಲ್ಲೇ ಇರಲಿ.

ಒಂದು ಆಕ್ಷೇಪಣೆಯನ್ನು ಗೌರವದಿಂದ ಎದುರಿಸಬೇಕು. ‘ನೀವೇ ಹಾಕ್ಕೊಂಡು ಕುಡೀರಿ ಅನ್ನೂದು ಮನಿಗೆ ಬಂದವರಿಗೆ ಮರ್ಯಾದಿ ಏನ್ರೀ?’ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತು ಸರಿ. ನಮ್ಮಲ್ಲಿ ಬಂದವರ ಕೈಗೆ ಕಪ್ಪು ಕೊಡುವುದೇ ಆದರ. ಆದ್ದರಿಂದ ಮೇಜಿನ ಹತ್ತಿರ ಮನೆಯವರೊಬ್ಬರು ನಿಂತಿರಲೇಬೇಕು. ಆ ಒಬ್ಬರು ಮನೆಯ ಗಂಡಸಾಗಿರಲಿ ಎಂಬುದು ನನ್ನ ಮಾತು. ಯಜಮಾನನೇ ಕಾಫಿ ಬಗ್ಗಿಸಿ ಕೊಟ್ಟರೆ ಬಂದವರ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆಗ ವೈನಿ ಗೆಳತಿಯರ ನಡುವೆ ಕೂಡಬಹುದು, ಪೂರ್ತಿ ಒಂದು ಕಪ್ಪು ಬಿಸಿಬಿಸಿಯಾಗಿ ಕುಡಿಯಬಹುದು.

ದಸರೆಗೆ ಒಮ್ಮೆ ಒಗ್ಗಿದರೆ ಉಳಿದ ಹಬ್ಬಗಳಿಗೂ ಇದೇ ವ್ಯವಸ್ಥೆ ನಡೆಯುತ್ತದೆ. ರಮಜಾನಿನ ಈದಿನಂದು ಹಳೇ ಊರಿನ ಮನೆಗಳಲ್ಲಿ ಶೀರ್‌ಖುರ್ಮಾದ ಬೆನ್ನಿಗೆ ಚಹಾ ಬರುತ್ತದೆ. ಕ್ರಿಸ್‌ಮಸ್ಸಿಗೆ ಮಂಗಲಪೇಟೆಯ ಮನೆಗಳಲ್ಲಿ ಜನ ತುಂಬಿರುತ್ತಾರೆ, ಬೀದರಿನ ಚಳಿಯೂ ಆಗ ಮೈ ಕೊರೆಯುತ್ತಿರುತ್ತದೆ. ಎಳ್ಳ ಅಮಾವಾಸ್ಯೆಗೆ ಔರಾದ್, ಭಾಲ್ಕಿ ಸೀಮೆಯವರೆಲ್ಲ ಹೊಲದಲ್ಲಿರುತ್ತಾರೆ. ಅಂಬಲಿಯ ಗಡಿಗೆ, ಭಜ್ಜಿ, ರೊಟ್ಟಿ ಮುಂಜಾನೆಯೇ ಸಿದ್ಧವಾಗಿ ಬುಟ್ಟಿಯಲ್ಲಿ ಹೊರಡುತ್ತವೆ. ಊಟದ ಮೇಲಿನ ಚಹಾಕ್ಕೆ ಮಾತ್ರ ಮೂರು ಕಲ್ಲು ಹೂಡಿ ಹೊಗೆಯಲ್ಲಿ ಕೂಡುವವರು ಮತ್ತೆ ಹೆಂಗಸರೇ. ಡಿಕಾಕ್ಷನ್ನಿನ ಶೀಶೆ, ಹಾಲಿನ ಥರ್ಮಾಸ್ ಅದೇ ಬುಟ್ಟಿಯಲ್ಲಿ ಹೋದರೆ ಆ ಹೊಗೆಯೂ ತಪ್ಪುತ್ತದೆ.

ಉಳಿದದ್ದು ಕಪ್‌ಬಶಿ ತೊಳೆಯುವ ಕೆಲಸ. ಮೇಜು ಪಡಸಾಲೆಗೆ ಬಂದು, ಎಂಜಲು ಕಪ್ಪುಗಳೆಲ್ಲ ಹಿಂದಿನಂತೆ ಒಬ್ಬರ ಪಾಲಿಗೇ ಬಚ್ಚಲಿಗೆ ಹೋದರೆ ಅರ್ಧ ಕೆಲಸವೂ ಆದಂತಲ್ಲ. ನಾನಕ್ ಝೀರಾದ ಲಂಗರಿನಲ್ಲಿ ಗಂಡಸರು ಸಾಲಾಗಿ ನಿಂತು ಬಂದವರ ತಟ್ಟೆ ತೊಳೆಯುವುದನ್ನು ನೋಡುತ್ತಲೇ ಬೆಳೆದ ಊರು ನಮ್ಮದು. ಅಲ್ಲಿ ಅದು ಸೇವೆ. ಮೇಜಿನ ಕೆಳಗೆ ಎರಡು ಬಕೆಟ್ ನೀರು ಇಡಿ, ಒಂದು ತೊಳೆಯಲು, ಒಂದು ಜಾಲಿಸಲು. ಅಣ್ಣತಮ್ಮಂದಿರು, ಅಳಿಯಂದಿರು, ಕಾಲೇಜಿನ ಹುಡುಗರು ತಾಸಿಗೊಬ್ಬರಂತೆ ಸರದಿ ಹಂಚಿಕೊಳ್ಳಲಿ. ಆ ಸರದಿಯ ಮಾತು ಹಬ್ಬದ ಹಿಂದಿನ ರಾತ್ರಿ, ಎಲ್ಲರೂ ಊಟಕ್ಕೆ ಕೂತಾಗಲೇ ಗೊತ್ತಾಗಬೇಕು.