ಮಾಡದ ಕೆಲಸದ ಲೆಕ್ಕ

1996ರಲ್ಲಿ ಜಪಾನಿನಲ್ಲಿ, ಎರಡು ವರ್ಷದ ಮೇಲೆ ಅಮೆರಿಕದಲ್ಲಿ ಬಂದ ‘ಪೋಕೆಮಾನ್ ರೆಡ್’ ಆಟದಲ್ಲಿ ಆಟಗಾರನ ಕೈಗೆ ಮೊದಲು ಸಿಗುವ ಹಣ 3000. ಅಂಗಡಿಗೆ ಹೋಗಿ 200 ಕೊಟ್ಟು ಒಂದು ಪೋಕೆಬಾಲ್ ಕೊಂಡರೆ 2800 ಉಳಿಯುತ್ತದೆ. ಕೊಳ್ಳುವ ಮುಂಚೆ ಒಮ್ಮೆ, ಕೊಂಡ ಮೇಲೆ ಒಮ್ಮೆ ಆಟವನ್ನು ಸೇವ್ ಮಾಡಿ, ಕಾರ್ಟ್ರಿಡ್ಜ್ ಒಳಗಿನ 32 ಕಿಲೋಬೈಟ್ ಮೆಮೊರಿಯನ್ನು ಎರಡು ಸಲವೂ ಕಂಪ್ಯೂಟರಿಗೆ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಅಷ್ಟೂ ಬೈಟ್‌ಗಳಲ್ಲಿ ಬದಲಾದವು ಕೆಲವೇ ಕೆಲವು. ಅವುಗಳ ನಡುವೆ ಒಂದು ಕಡೆ 00 30 00 ಎಂದಿದ್ದದ್ದು 00 28 00 ಆಗಿರುತ್ತದೆ. ಹಣ ಕೂತಿರುವ ಜಾಗ ಸಿಕ್ಕಿತು. ಆಟ ಬರೆದವರು ಇದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಂದನ್ನು ಬದಲಿಸಿದಾಗ ಯಾವುದು ಬದಲಾಗುತ್ತದೆ, ಬದಲಿಸದಿದ್ದಾಗ ಯಾವುದು ಹಾಗೇ ಇರುತ್ತದೆ ಎಂದು ತಾಳ್ಮೆಯಿಂದ ನೋಡುತ್ತಾ ಹೋದವರು ಒಂದೊಂದೇ ಜಾಗವನ್ನು ಗುರುತಿಸಿ, ಇಡೀ ಫೈಲಿನ ನಕ್ಷೆ ಬರೆದರು. ನಮ್ಮ ತಾರ್ಕಿಕರು ಇದನ್ನೇ ಅನ್ವಯ–ವ್ಯತಿರೇಕ ಎನ್ನುತ್ತಿದ್ದರು. ಇಂದು ರಿವರ್ಸ್ ಎಂಜಿನಿಯರಿಂಗ್ ಎಂಬ ಭಾರವಾದ ಹೆಸರು ಹೊತ್ತಿರುವ ಕಸುಬಿನ ಬಹುಪಾಲು ಈ ಹಳೆಯ ಉಪಾಯವೇ.

ಜಾಗ ಗೊತ್ತಾದ ಮೇಲೆ ತಿದ್ದುವುದು ಸುಲಭ. ಹೆಕ್ಸ್ ಎಡಿಟರಿನಲ್ಲಿ 00 30 00 ಅಳಿಸಿ 99 99 99 ಎಂದು ಬರೆದರೆ ಒಂದು ಕಾಸೂ ದುಡಿಯದೆ 999999ರ ಒಡೆಯ. ಆದರೆ ಅಷ್ಟಕ್ಕೇ ಆಟ ಒಪ್ಪುವುದಿಲ್ಲ. ಸೇವ್ ಮಾಡುವಾಗ ಅದು ಆಟಗಾರನ ಹೆಸರಿನಿಂದ ಶುರುಮಾಡಿ ಸಾವಿರಾರು ಬೈಟ್‌ಗಳನ್ನು ಕೂಡಿ, ಮೊತ್ತದಲ್ಲಿ ಒಂದು ಬೈಟಿಗೆ ಹಿಡಿಸುವಷ್ಟನ್ನು ಮಾತ್ರ ಉಳಿಸಿಕೊಂಡು, ಅದನ್ನು ಮಗುಚಿ ಕೊನೆಯಲ್ಲಿ ಬರೆದಿಟ್ಟಿರುತ್ತದೆ. ಇದೇ ಚೆಕ್‌ಸಮ್. ಮತ್ತೆ ತೆರೆದಾಗ ಲೆಕ್ಕ ತಾಳೆಯಾಗದಿದ್ದರೆ ಫೈಲ್ ಕೆಟ್ಟಿದೆ ಎಂದು ಹೇಳಿ ತಿರುಗಿಸಿ ಕಳುಹಿಸುತ್ತದೆ. ಇದಕ್ಕೂ ದಾರಿಯಿದೆ. ಹೆಕ್ಸ್ ಎಂದರೆ ಹದಿನಾರರ ಎಣಿಕೆ; ಅದರಲ್ಲಿ 99 ಎಂದು ಬರೆದ ಬೈಟಿನ ನಿಜವಾದ ಬೆಲೆ 153. ಮೂರು ಸೇರಿ 459. ಮೊದಲಿದ್ದ 30ರ ಬೆಲೆ 48. ಹೆಚ್ಚಾದದ್ದು 411, ಅದರಲ್ಲಿ ಒಂದು ಸುತ್ತು, ಎಂದರೆ 256 ತೆಗೆದರೆ 155. ಚೆಕ್‌ಸಮ್‌ನಿಂದ 155 ಕಳೆದು ಬರೆದರೆ ಮುಗಿಯಿತು, ಆಟ ತುಟಿಪಿಟಕ್ಕೆನ್ನದೆ ಬಾಗಿಲು ತೆರೆಯುತ್ತದೆ. ಈ ಕಾವಲುಗಾರ ಕೇಳುವುದು ಒಂದೇ ಪ್ರಶ್ನೆ: ಈ ಲೆಕ್ಕ ತನಗೆ ತಾನು ಹೊಂದುತ್ತದೆಯೇ? ಇಲ್ಲಿ ಬರೆದದ್ದೆಲ್ಲ ನಡೆದದ್ದೇ ಎಂದು ಅವನು ಕೇಳುವುದಿಲ್ಲ. ಕೇಳಲು ಅವನಿಂದಾಗದು. ಲೆಕ್ಕಪತ್ರ ಒಪ್ಪವಾಗಿರುವುದಕ್ಕೂ ಅದು ನಿಜವಾಗಿರುವುದಕ್ಕೂ ಎಷ್ಟು ದೂರ ಎಂಬುದು ಆಡಿಟ್ ಮಾಡುವವರಿಗೆ ಗೊತ್ತೇ ಇದೆ.

ಭಾರತೀಯ ದರ್ಶನಗಳಲ್ಲಿ ಕರ್ಮದ ಚರ್ಚೆ ಬಂದಾಗಲೆಲ್ಲ ಎದುರಾಳಿಯ ಮೇಲೆ ಹೊರಿಸುವ ಒಂದು ಜೋಡಿ ದೋಷವಿದೆ: ಕೃತನಾಶ ಮತ್ತು ಅಕೃತಾಭ್ಯಾಗಮ. ಮಾಡಿದ್ದು ಫಲ ಕೊಡದೆ ಹಾಳಾಗುವುದು ಮೊದಲನೆಯದು, ಮಾಡದ್ದರ ಫಲ ಬಂದು ಬೀಳುವುದು ಎರಡನೆಯದು. ಎಲ್ಲವೂ ಕ್ಷಣಿಕ ಎಂದ ಬೌದ್ಧರ ಮೇಲೆ ನೈಯಾಯಿಕರೂ ಜೈನರೂ ಈ ಅಸ್ತ್ರವನ್ನೇ ಬಿಟ್ಟರು: ಮಾಡಿದವನು ಆ ಕ್ಷಣಕ್ಕೇ ಹೋದರೆ ಉಣ್ಣುವವನು ಯಾರು? ಸೇವ್ ಫೈಲಿನ ಲೋಕದಲ್ಲಿ ಈ ಎರಡೂ ದೋಷಗಳು ದಿನನಿತ್ಯದ ಸಂಗತಿಗಳು. ಗೇಮ್ ಬಾಯ್ ಕಾರ್ಟ್ರಿಡ್ಜ್ ಒಳಗಿನ ಪುಟ್ಟ ಬ್ಯಾಟರಿ ಸತ್ತ ದಿನ ನೂರು ಗಂಟೆಯ ಆಟ ಹೇಳದೆ ಕೇಳದೆ ಹೋಗುತ್ತದೆ, ಅದು ಕೃತನಾಶ. ತಿದ್ದಿದ ಫೈಲು ಅಕೃತಾಭ್ಯಾಗಮ. ದಾರ್ಶನಿಕರು ‘ಹೀಗಾದೀತು, ಆಗಬಾರದು’ ಎಂದು ಬೆದರಿಸಿದ್ದನ್ನು ಈ ಚಿಕ್ಕ ಯಂತ್ರ ಆಡಿ ತೋರಿಸುತ್ತದೆ. ಹಾಗಾಗಿ ಕರ್ಮ ಉಳಿಯುವುದಾದರೆ ಎಲ್ಲಿ, ಹೇಗೆ ಎಂಬ ಹಳೆಯ ಜಗಳಕ್ಕೆ ಇದನ್ನು ಪುರಾವೆಯಾಗಿ ತಂದರೆ ತಪ್ಪಿಲ್ಲ.

ಮೀಮಾಂಸಕರ ಉತ್ತರ ‘ಅಪೂರ್ವ’. ಇಂದು ಮಾಡಿದ ಯಾಗ ಇಂದೇ ಮುಗಿಯುತ್ತದೆ, ಸ್ವರ್ಗ ಎಂದೋ ಬರಬೇಕು; ನಡುವೆ ಕಣ್ಣಿಗೆ ಕಾಣದ ಒಂದು ಶಕ್ತಿ ಉಳಿದು, ಕಾಲ ಬಂದಾಗ ತಾನಾಗಿ ಫಲ ಕೊಡುತ್ತದೆ. ಕೊಡಲು ದೇವರು ಬೇಡ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದ ಕೊನೆಯಲ್ಲಿ ಬಾದರಾಯಣರು ಮೀಮಾಂಸೆಯ ಸೂತ್ರಕಾರ ಜೈಮಿನಿಯ ಈ ಅಭಿಪ್ರಾಯವನ್ನು ಹೆಸರು ಹಿಡಿದು ಹೇಳಿ, ಫಲ ಬರುವುದು ಈಶ್ವರನಿಂದ ಎಂದು ತಮ್ಮ ಪಕ್ಷ ಇಡುತ್ತಾರೆ. ಶಂಕರರ ಭಾಷ್ಯದ ವಾದ ಇದು: ಕರ್ಮ ಜಡ, ಕ್ಷಣದಲ್ಲಿ ಮುಗಿಯುವಂಥದ್ದು, ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಅರಿಯಲು ಚೇತನ ಬೇಕು. ಓದುವಾಗ ಇದು ದೇವರನ್ನು ಹೇಗಾದರೂ ಒಳಗೆ ತರುವ ಹವಣಿಕೆಯಂತೆ ಕಾಣಬಹುದು. ಆದರೆ ಸೇವ್ ಫೈಲನ್ನು ಪಕ್ಕದಲ್ಲಿಟ್ಟು ನೋಡಿದರೆ ವಾದದ ಬಿಗಿ ಗೊತ್ತಾಗುತ್ತದೆ. ಆಟದ ಯಂತ್ರವೇ ಅಪ್ಪಟ ಮೀಮಾಂಸಕ. ಉಳಿದ ಗುರುತನ್ನು ಓದುತ್ತದೆ, ಅದಕ್ಕೆ ತಕ್ಕ ಫಲ ಕೊಡುತ್ತದೆ, ಮಾಡಿದವನು ಯಾರೆಂದು ವಿಚಾರಿಸುವುದಿಲ್ಲ. ಅದಕ್ಕೇ ಅದು ಮೋಸ ಹೋಗುತ್ತದೆ. ಗುರುತು ಎಂಬುದು ಈಗ ಇರುವ ಒಂದು ಸ್ಥಿತಿ, ಅಷ್ಟೇ. ಆ ಸ್ಥಿತಿಗೆ ಬಂದ ದಾರಿ ಅದರೊಳಗಿಲ್ಲ. ದಾರಿ ಗೊತ್ತಿರುವುದು ನಡೆದದ್ದನ್ನು ಕಂಡವನಿಗೆ ಮಾತ್ರ. ಕರ್ಮಕ್ಕೆ ನ್ಯಾಯ ಎಂಬ ಅರ್ಥ ಬೇಕಿದ್ದರೆ ಗುರುತು ಸಾಲದು, ಸಾಕ್ಷಿ ಬೇಕು ಎಂಬುದೇ ಇಲ್ಲಿನ ವಾದ.

ಗುರುತನ್ನೇ ಇನ್ನಷ್ಟು ದಟ್ಟವಾಗಿ ಬರೆದಿಟ್ಟರೆ ಆಯಿತಲ್ಲ, ಎಂದು ಯಾರಾದರೂ ಕೇಳಬಹುದು. ಮುಂದಿನ ಪೋಕೆಮಾನ್ ಆಟಗಳು ಹಾಗೆಯೇ ಮಾಡಿದವು. ಒಂದೊಂದು ಪ್ರಾಣಿಯ ಜೊತೆಗೂ ಅದು ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಯಾವ ಚೆಂಡಿನಲ್ಲಿ ಹಿಡಿದದ್ದು ಎಂಬ ಜಾತಕವನ್ನೇ ಬರೆದಿಟ್ಟವು. 2023ರ ಆಗಸ್ಟ್‌ನಲ್ಲಿ ಯೋಕೊಹಾಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಿದ್ದಿದ ಪ್ರಾಣಿಗಳನ್ನು ತಂದ ಕೆಲವು ಆಟಗಾರರನ್ನು ಹೊರಗೆ ಹಾಕಿದಾಗ ಎದ್ದ ಚರ್ಚೆ ಸ್ವಾರಸ್ಯದ್ದು. ತಿದ್ದುವವರ ಪರವಾಗಿ ಬಂದ ಸಮರ್ಥನೆ ಹೀಗಿತ್ತು: ಈ ಪ್ರಾಣಿಯ ಶಕ್ತಿ, ವೇಗ, ವಿದ್ಯೆ ಎಲ್ಲವೂ ನಿಯಮದೊಳಗೇ ಇವೆ; ಗಂಟೆಗಟ್ಟಲೆ ಕೂತು ಬೆಳೆಸಿದ ಪ್ರಾಣಿಗೂ ಇದಕ್ಕೂ ಕಣದಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಇದು ನಿಜ. ವ್ಯತ್ಯಾಸವಿರುವುದು ಇತಿಹಾಸದಲ್ಲಿ ಮಾತ್ರ. ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೋ, ಆ ಊರಿನಲ್ಲಿ ಸಿಗಲಾರದ ಪ್ರಾಣಿ, ಆ ಚೆಂಡಿನಲ್ಲಿ ಬರಲಾರದ ಪ್ರಾಣಿ ಎಂಬಂಥ ಒರಟು ಸುಳ್ಳು. ನಾಜೂಕಾಗಿ ಬರೆದ ಜಾತಕವನ್ನು ಜಾತಕ ನೋಡಿಯೇ ಸುಳ್ಳೆನ್ನಲು ಬಾರದು. ಬರವಣಿಗೆ ಹೆಚ್ಚಾದಷ್ಟೂ ಸುಳ್ಳು ಬರೆಯುವ ಕೆಲಸ ಹೆಚ್ಚುತ್ತದೆ, ಅದು ಅಸಾಧ್ಯವಾಗುವುದಿಲ್ಲ.

ಇದೇ ಇಕ್ಕಟ್ಟಿಗೆ ಕ್ರೈಸ್ತ ಲೋಕದಲ್ಲೂ ಒಬ್ಬರು ಸಿಕ್ಕಿಬಿದ್ದಿದ್ದರು. 1857ರಲ್ಲಿ ಫಿಲಿಪ್ ಹೆನ್ರಿ ಗೋಸ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ‘ಓಂಫಲಸ್’ ಎಂಬ ಪುಸ್ತಕ ಬರೆದರು. ಗ್ರೀಕಿನಲ್ಲಿ ಹಾಗೆಂದರೆ ಹೊಕ್ಕುಳು. ತಾಯಿಯಿಲ್ಲದೆ ಹುಟ್ಟಿದ ಆದಾಮನಿಗೂ ಹೊಕ್ಕುಳಿತ್ತು, ಏದೆನ್ ತೋಟದ ಮರಗಳಿಗೂ ಕಳೆಯದ ವರ್ಷಗಳ ಉಂಗುರಗಳಿದ್ದವು, ಹಾಗೆಯೇ ಬಂಡೆಗಳೊಳಗೆ ಬದುಕದ ಪ್ರಾಣಿಗಳ ಪಳೆಯುಳಿಕೆಗಳು ಇವೆ ಎಂಬುದು ಅವರ ವಾದ. ದೇವರನ್ನೇ ಸೇವ್ ಎಡಿಟರ್ ಮಾಡಿದ ವಾದ ಇದು. ಗೋಸ್ ಅವರ ಸ್ನೇಹಿತರೇ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ, ದೇವರು ಬಂಡೆಯ ಮೇಲೆ ಇಷ್ಟು ದೊಡ್ಡ ಸುಳ್ಳು ಬರೆದನೆಂದು ನಂಬಲಾರೆ ಎಂದು ನೊಂದುಕೊಂಡರು. ಗಮನಿಸಿ, ಅವರು ಬಂಡೆಯನ್ನು ತೋರಿಸಿ ಗೋಸ್ ತಪ್ಪೆನ್ನಲಿಲ್ಲ. ಹಾಗೆನ್ನಲು ಆಗುತ್ತಲೂ ಇರಲಿಲ್ಲ. ಬರೆದವನ ನಡತೆಯ ಮೇಲೆ ನಂಬಿಕೆ ಇಟ್ಟು ಮಾತಾಡಿದರು. ಗುರುತಿನ ಜಗಳ ಕೊನೆಗೆ ಸಾಕ್ಷಿಯ ಮನೆಬಾಗಿಲಿಗೇ ಬಂತು.

ಮೀಮಾಂಸಕ ಇಷ್ಟಕ್ಕೆ ಬಿಡುವವನಲ್ಲ. ‘ನಿನ್ನ ಆಟದ ಫೈಲು ಮುಟ್ಟಲು ಸಿಗುತ್ತದೆ, ಅದಕ್ಕೇ ತಿದ್ದಿದೆ. ನನ್ನ ಅಪೂರ್ವ ಯಾರ ಕೈಗೂ ಸಿಗದು. ಸಿಗದ ಮೇಲೆ ತಿದ್ದುವ ಮಾತೆಲ್ಲಿ?’ ಇದು ಗಟ್ಟಿಯಾದ ಆಕ್ಷೇಪ. ಆದರೆ ಇದರಲ್ಲಿ ಸೋಲೊಪ್ಪಿಗೆಯೂ ಅಡಗಿದೆ. ಅಪೂರ್ವ ನ್ಯಾಯವಾಗಿರುವುದು ತನ್ನ ಸ್ವಭಾವದಿಂದಲ್ಲ, ಬೀಗ ಭದ್ರವಾಗಿರುವುದರಿಂದ ಎಂದಾಯಿತು. ಆಟದ ಕಂಪನಿಗಳು ಮುಂದೆ ಹಿಡಿದ ದಾರಿಯೂ ಇದೇ: ಫೈಲನ್ನು ಗೂಢಲಿಪಿಯಲ್ಲಿ ಬರೆದು ಕೀಲಿಯನ್ನು ಯಂತ್ರದೊಳಗೆ ಬಚ್ಚಿಡುವುದು. ಕೀಲಿ ಸಿಗುವವರೆಗೆ ಸರಿ. ಸಿಕ್ಕಿದ ದಿನ ಗುರುತಿನ ಮಾನ ಮತ್ತೆ ಮೂರು ಕಾಸಿಗೆ. ಮಾಡಿದ ಕೆಲಸಕ್ಕೂ ಅದರ ಗುರುತಿಗೂ ಇರುವ ನಂಟನ್ನು ಬೀಗ ಕಾಯುತ್ತದೆ, ಆದರೆ ಆ ನಂಟು ಏನೆಂದು ಬೀಗಕ್ಕೇ ತಿಳಿಯದು.

ಇನ್ನೊಂದು ಆಕ್ಷೇಪ ನೆಲದ ಮಟ್ಟದ್ದು: ಇದು ಆಟ, ಒಬ್ಬನೇ ಕೂತು ಆಡುವ ಆಟದಲ್ಲಿ ಹಣ ಹೆಚ್ಚಿಸಿಕೊಂಡರೆ ಯಾರ ಗಂಟೇನು ಹೋಯಿತು? ಜಪಾನಿನ ಸುಪ್ರೀಂ ಕೋರ್ಟ್ 2001ರ ಫೆಬ್ರುವರಿ 13ರಂದು ಇದಕ್ಕೆ ವಿಚಿತ್ರವಾದ ಉತ್ತರ ಕೊಟ್ಟಿತು. ಕೊನಾಮಿ ಕಂಪನಿಯ ‘ತೊಕಿಮೆಕಿ ಮೆಮೊರಿಯಲ್’ ಆಟದಲ್ಲಿ ಹೈಸ್ಕೂಲು ಹುಡುಗನೊಬ್ಬ ಮೂರು ವರ್ಷ ಓದು, ಆಟ, ಕಲೆಗಳಲ್ಲಿ ತನ್ನನ್ನು ತಿದ್ದಿಕೊಂಡರೆ ಕೊನೆಯ ದಿನ ಶಾಲೆಯ ಮರದಡಿ ಅವನ ಮೆಚ್ಚಿನ ಹುಡುಗಿ ಪ್ರೀತಿ ಹೇಳಿಕೊಳ್ಳುತ್ತಾಳೆ. ಆ ಗುಣಗಳ ಅಂಕಿಗಳನ್ನೆಲ್ಲ ಮೊದಲೇ ಏರಿಸಿಟ್ಟ ಮೆಮೊರಿ ಕಾರ್ಡುಗಳು ಮಾರಾಟಕ್ಕೆ ಬಂದವು. ಕೆಲವುಗಳಲ್ಲಿ ಕಥೆ ಶುರುವಾಗುವುದೇ ಮರದಡಿಯ ದಿನದ ಹತ್ತಿರದಿಂದ. ಆ ಅಂಕಿಗಳೇ ನಾಯಕನ ವ್ಯಕ್ತಿತ್ವ, ಅವನ್ನು ಬದಲಿಸಿದರೆ ಕರ್ತೃವಿನ ಕೃತಿಯನ್ನು ವಿರೂಪಗೊಳಿಸಿದಂತೆ ಎಂದಿತು ನ್ಯಾಯಾಲಯ. ಕಾನೂನಿನ ಮಟ್ಟಿಗೆ ಇರಲಿ. ತತ್ತ್ವದ ಮಟ್ಟಿಗೆ ಇದು ಸಲೀಸಾಗಿ ಒಪ್ಪುವ ಮಾತಲ್ಲ. ವ್ಯಕ್ತಿತ್ವ ಅಂಕಿಯೇ ಆಗಿದ್ದರೆ ತಿದ್ದಿದ ಹುಡುಗನೂ ನಿಜವಾಗಿ ಗುಣವಂತನೇ, ಹುಡುಗಿ ಮೋಸಹೋಗಿಲ್ಲ. ನಮಗೆ ಇರುಸುಮುರುಸಾಗುವುದು ಅಂಕಿಯ ಹಿಂದೆ ಮೂರು ವರ್ಷ ಇಲ್ಲ ಎಂಬುದಕ್ಕೆ. ಆ ಮೂರು ವರ್ಷವಾದರೂ ಇರಬೇಕಾದದ್ದು ಪರದೆಯ ಮೇಲಿನ ಹುಡುಗನಲ್ಲಲ್ಲ, ಕೈಯಲ್ಲಿ ಕಂಟ್ರೋಲರ್ ಹಿಡಿದವನಲ್ಲಿ.

ಅವನೇ ಇಲ್ಲಿ ಮೊದಲ ಸಾಕ್ಷಿ. ಯಂತ್ರವನ್ನು ಒಪ್ಪಿಸಬಹುದು, ತೀರ್ಪುಗಾರರ ಕಣ್ಣು ತಪ್ಪಿಸಬಹುದು, 155 ಕಳೆದು ಬರೆದವನಿಗೆ ಮಾತ್ರ ತಾನು ಕಳೆದದ್ದು ಗೊತ್ತು. ಉಡುಪಿಯ ಮಧ್ವಾಚಾರ್ಯರು ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ಒಪ್ಪಿಸಿದ್ದು ಜೀವನೊಳಗಿನ ಸಾಕ್ಷಿಗೆ. ಹೊರಗಿನ ಪರೀಕ್ಷೆಗೆ ಇನ್ನೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂದು ಬೆಳೆಯುವ ಸಾಲು ನಿಲ್ಲುವುದು ಅಲ್ಲಿ ಎಂದರು. ಚೆಕ್‌ಸಮ್‌ಗೆ ಕಾವಲಾಗಿ ಇನ್ನೊಂದು ಚೆಕ್‌ಸಮ್ ಇಡುವವರ ಪಾಡು ಕಂಡಾಗ ಆ ಮಾತಿನ ಬೆಲೆ ತಿಳಿಯುತ್ತದೆ. ಮನುಷ್ಯ ಮರೆಯುತ್ತಾನಲ್ಲ ಎಂದರೆ, ಹೌದು, ಮರೆಯುತ್ತಾನೆ. ಹಿಂದಿನ ಜನ್ಮದ ಮಾತಂತೂ ಬಿಡಿ. ಆಗ ಮರೆಯದ ಸಾಕ್ಷಿಯೊಬ್ಬನನ್ನು ಒಪ್ಪಬೇಕು, ಇಲ್ಲವೇ ಜನ್ಮಾಂತರದ ಲೆಕ್ಕ ಹೇಳುವುದನ್ನು ಬಿಡಬೇಕು. ಇದು ದೇವರಿದ್ದಾನೆ ಎಂಬುದಕ್ಕೆ ಪ್ರಮಾಣವಲ್ಲ. ದೇವರನ್ನು ಬಿಟ್ಟು ಚಿತ್ರಗುಪ್ತನ ಖಾತೆಯನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎನ್ನುವವರು, ಬೇರೆಯವರ ಕಷ್ಟ ಕಂಡಾಗ ‘ಅವರವರ ಕರ್ಮ’ ಎಂದು ಸಲೀಸಾಗಿ ಹೇಳಿ ಕೈತೊಳೆಯುವವರು, ಈ ಖಾತೆಯನ್ನು ಓದಿದ್ದು ಯಾರು ಎಂದು ಒಮ್ಮೆ ಕೇಳಿಕೊಳ್ಳಬೇಕಾಗುತ್ತದೆ. ಇಂದಿನ ಸ್ಥಿತಿ ನೋಡಿ ನಿನ್ನೆಯ ಕೃತಿಯನ್ನು ಹೇಳುವುದು 999999 ನೋಡಿ ದುಡಿಮೆಯನ್ನು ಹೊಗಳಿದಂತೆ.

ಉಳಿದದ್ದು ಭಕ್ತರ ಆಕ್ಷೇಪ, ಎಲ್ಲಕ್ಕಿಂತ ಕಷ್ಟದ್ದು. ಕೃಪೆಯೂ ಮಾಡದ್ದರ ಫಲವೇ ಅಲ್ಲವೇ? 1987ರ ‘ಡ್ರ್ಯಾಗನ್ ಕ್ವೆಸ್ಟ್ 2’ ಆಟದಲ್ಲಿ ಸೇವ್ ಮಾಡಲು ಬ್ಯಾಟರಿ ಇರಲಿಲ್ಲ. 52 ಅಕ್ಷರಗಳವರೆಗೆ ಬೆಳೆಯುವ ಒಂದು ಗುಪ್ತಪದವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕಿತ್ತು. ಜಪಾನಿಯಲ್ಲಿ ಅದರ ಹೆಸರೇ ಪುನರುಜ್ಜೀವನ ಮಂತ್ರ. ಅದರ ರಚನೆಯನ್ನು ಬಿಡಿಸಿದವರು ಆಟದ ಕರ್ತೃ ಹೊರೀ ಯೂಜಿ, ಚಿತ್ರಕಾರ ತೊರಿಯಾಮ ಅಕಿರಾ ಅವರ ಹೆಸರುಗಳನ್ನೇ ಪೋಣಿಸಿ, ಮಿಕ್ಕ ಜಾಗಕ್ಕೆ ‘ಪೆ ಪೆ ಪೆ’ ತುಂಬಿ ಒಂದು ಮಂತ್ರ ಹೊಸೆದರು. ಅದನ್ನು ಒತ್ತಿದರೆ ಒಂದು ಹೆಜ್ಜೆಯೂ ನಡೆಯದ ವೀರ 48ನೆಯ ಮಟ್ಟದಲ್ಲಿ ಎದ್ದು ನಿಲ್ಲುತ್ತಾನೆ. ಕರ್ತೃವಿನ ನಾಮವನ್ನು ಉಚ್ಚರಿಸಿದ ಮಾತ್ರಕ್ಕೆ ಸಿದ್ಧಿ! ಭಾಗವತದ ಅಜಾಮಿಳನ ಕಥೆ ನೆನಪಾಗದಿರುವುದಿಲ್ಲ. ಪಾಪದಲ್ಲೇ ಬಾಳಿದ ಅವನು ಸಾಯುವಾಗ ನಾರಾಯಣ ಎಂದು ಮಗನನ್ನು ಕೂಗಿದ, ವಿಷ್ಣುದೂತರು ಬಂದು ಯಮದೂತರ ಕೈ ಬಿಡಿಸಿದರು. ಯಮದೂತರ ಕೈಯಲ್ಲಿದ್ದದ್ದು ಖಾತೆ, ಆ ಖಾತೆ ತಪ್ಪೂ ಆಗಿರಲಿಲ್ಲ. ಆದರೆ ಕಥೆಯನ್ನು ನಾವು ಅಲ್ಲಿಗೇ ನಿಲ್ಲಿಸುತ್ತೇವೆ, ಭಾಗವತ ನಿಲ್ಲಿಸುವುದಿಲ್ಲ. ಅಜಾಮಿಳನನ್ನು ದೂತರು ಆ ಗಳಿಗೆಗೆ ಎತ್ತಿಕೊಂಡು ಹೋಗಲಿಲ್ಲ. ಬಿಡಿಸಿದವರು ಮರೆಯಾದರು, ಅವನು ಹಾಸಿಗೆಯ ಮೇಲೆ ಉಳಿದ. ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದು ನೊಂದ, ಮನೆ ಬಿಟ್ಟ, ಗಂಗಾದ್ವಾರಕ್ಕೆ ನಡೆದುಹೋಗಿ ಅಲ್ಲಿ ಯೋಗಕ್ಕೆ ಕೂತ. ಅವೇ ದೂತರು ವಿಮಾನದೊಂದಿಗೆ ಮತ್ತೆ ಬಂದದ್ದು ಅದೆಲ್ಲ ಆದ ಮೇಲೆ.