ಗುರುವಿಗೆ ಮುಷ್ಕರ ಸಲ್ಲದೆ?

“ಮೇಷ್ಟ್ರಾದವರು ಬೀದಿಗಿಳಿದು ಕೂಗಬಹುದೆ?” ಎಂದು ನಮ್ಮ ಹಿರಿಯರು ಮೂಗು ಮುರಿಯುವುದುಂಟು. 2003ರ ಜುಲೈನಲ್ಲಿ, ಪಿಂಚಣಿ ಮೊದಲಾದ ಸೌಲಭ್ಯಗಳ ಕಡಿತವನ್ನು ಪ್ರತಿಭಟಿಸಿ ತಮಿಳುನಾಡಿನ ಉಪಾಧ್ಯಾಯರ ಮತ್ತು ಸರ್ಕಾರಿ ನೌಕರರ ಸಂಘಗಳು ಒಟ್ಟಾಗಿ ಮುಷ್ಕರ ಹೂಡಿದವು. ಇಲ್ಲಿ ಚೆನ್ನೈಯಲ್ಲಿ ಕುಳಿತ ಸರ್ಕಾರ ಒಂದೂವರೆ ಲಕ್ಷಕ್ಕೂ ಮೀರಿದ ಮಂದಿಯನ್ನು ವಜಾ ಮಾಡಿತು. ಇಂಥ ಮುಷ್ಕರಕ್ಕೆ ಕಾನೂನಿನ ಹಕ್ಕೂ ಇಲ್ಲ, ನೈತಿಕ ಸಮರ್ಥನೆಯೂ ಇಲ್ಲವೆಂದು ಆಗಸ್ಟ್ 6ರಂದು ಸುಪ್ರೀಂ ಕೋರ್ಟು ಹೇಳಿತು. ಕ್ಷಮೆ ಕೇಳಿ, ಮುಚ್ಚಳಿಕೆ ಬರೆದುಕೊಟ್ಟು ಬಹುಪಾಲು ಜನ ಕೆಲಸಕ್ಕೆ ಹಿಂತಿರುಗಿದರು.

ಹಕ್ಕಿನ ಮಾತು ನ್ಯಾಯಾಲಯಕ್ಕಿರಲಿ. ನೀತಿಯ ಮಾತನ್ನು ನಾವೂ ಆಲೋಚಿಸಬಹುದು. ಮುಷ್ಕರದಿಂದ ಗುರುವಿನ ಘನತೆಗೆ ಕುಂದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ, ಬೋಧನೆ ಉದಾತ್ತ ವೃತ್ತಿ, ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ‘ಕಾರ್ಮಿಕ’ರಲ್ಲ ಎಂದು ಅದೇ ಕೋರ್ಟು ತೀರ್ಪಿತ್ತಿತ್ತು. ಕೈಮುಗಿದು ಬಾಗಿಲು ಹಾಕಿದಂತಾಯಿತು!

ಇನ್ನೊಂದು ಆಕ್ಷೇಪಣೆಗೆ ಮಾತ್ರ ಉತ್ತರ ಸುಲಭವಲ್ಲ. ಗಿರಣಿ ನಿಂತರೆ ನಷ್ಟ ಮಾಲೀಕನಿಗೆ. ಸರ್ಕಾರಿ ಶಾಲೆ ನಿಂತರೆ ಸರ್ಕಾರಕ್ಕೆ ಸಂಬಳವೇ ಉಳಿಯುತ್ತದೆ. ಹೋಗುವುದು ಮನೆಪಾಠಕ್ಕೆ ಕಾಸಿಲ್ಲದ ಮಗುವಿನ ಪಾಠ. (ನಮ್ಮಲ್ಲಿ ಹಲವರ ಮಕ್ಕಳು ಖಾಸಗಿ ಶಾಲೆಯವರು, ಆ ನಷ್ಟ ನಮ್ಮ ಮನೆಗೆ ತಟ್ಟದು.) ಆ ಮಗುವಿಗೆ ತಪ್ಪಿದ ಪಾಠವನ್ನು ಭಾನುವಾರ ಕೂತಾದರೂ ತುಂಬಿಕೊಡುತ್ತೇವೆಂದು ಸಂಘವೇ ಮೊದಲು ಸಾರಿ, ಆಮೇಲೆ ಮುಷ್ಕರ ಹೂಡಿದರೆ, ಅದನ್ನು ಅನೀತಿಯೆನ್ನಲು ನನಗೆ ಬಾಯಿ ಬಾರದು.