ಔಷಧದ ಶಕ್ತಿ ಯಾರ ಸೊತ್ತು?

ಪರರ ವಸ್ತುವನ್ನು ಕೇಳದೆ ಬಳಸುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಯಾರ ಹೆಸರಿನಲ್ಲಿಯೂ ಬರೆದಿಡದ, ಎಲ್ಲರಿಗೂ ಸೇರಿದ ಸಂಪತ್ತನ್ನು ಒಬ್ಬನು ಅಜಾಗರೂಕತೆಯಿಂದ ಕರಗಿಸಿದರೆ ಅದು ದೋಷವಲ್ಲವೇ? ಮಲೇರಿಯಾ ಔಷಧಗಳ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ರೋಗಾಣುವು ಔಷಧವನ್ನು ಎದುರಿಸಲು ಕಲಿಯುವುದಿಲ್ಲ. ರೋಗಿಯ ರಕ್ತದಲ್ಲಿರುವ ಕೋಟ್ಯಂತರ ಪರೋಪಜೀವಿಗಳಲ್ಲಿ ಕೆಲವಕ್ಕೆ ವಂಶವಾಹಿಯ ಆಕಸ್ಮಿಕ ಮಾರ್ಪಾಟಿನಿಂದ ತಾಳಿಕೊಳ್ಳುವ ಗುಣ ಬಂದಿರುತ್ತದೆ. ಕ್ಲೋರೋಕ್ವಿನ್ ಪರೋಪಜೀವಿಯ ಆಹಾರಕೋಶದಲ್ಲಿ ಸಂಗ್ರಹವಾಗಿ ಅದನ್ನು ಕೊಲ್ಲುತ್ತದೆ. ಮಾರ್ಪಟ್ಟ ಪರೋಪಜೀವಿಯಾದರೋ ಔಷಧವನ್ನು ಹೊರದೂಡಿ ಬದುಕುತ್ತದೆ. ಔಷಧದ ಪ್ರಮಾಣ ಕಡಿಮೆಯಾದಾಗ ದುರ್ಬಲವಾದವು ಅಳಿದು, ಇಂಥವೇ ಉಳಿದು ವೃದ್ಧಿಸುತ್ತವೆ. ಸೊಳ್ಳೆಯು ಅವನ್ನು ನೆರೆಯವನ ದೇಹಕ್ಕೆ ಸಾಗಿಸುತ್ತದೆ.

1960ರ ದಶಕದ ಆರಂಭದಲ್ಲಿ ಕಾಂಬೋಡಿಯಾದ ಪೈಲಿನ್ ಪ್ರದೇಶದ ಜನರಿಗೆ ಔಷಧ ಬೆರೆಸಿದ ಉಪ್ಪನ್ನು ಹಂಚಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಯಾರ ಶರೀರಕ್ಕೆ ಎಷ್ಟು ಔಷಧ ಸೇರಿತೆಂಬ ಅಳತೆ ಉಪ್ಪಿನಲ್ಲಿ ನಿಲ್ಲುವಂತಿರಲಿಲ್ಲ. ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲಿ ಆಗಲೇ ತಲೆದೋರಿದ್ದ ನಿರೋಧಕ ತಳಿಗಳು 1973ರಲ್ಲಿ ಅಸ್ಸಾಮಿನಲ್ಲಿಯೂ 1978ರ ವೇಳೆಗೆ ಪೂರ್ವ ಆಫ್ರಿಕಾದಲ್ಲಿಯೂ ಕಂಡುಬಂದವು. ಮುಂದೆ ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವ ಮಕ್ಕಳ ಸಂಖ್ಯೆ ಏರಿತು. ಸದುದ್ದೇಶವೊಂದೇ ಸಾಲದು, ಅದರೊಡನೆ ಅಳತೆಯ ವಿವೇಕವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಾಗಾದರೆ ಕೈಯಲ್ಲಿದ್ದ ಕಾಸಿಗೆ ಎರಡೇ ಮಾತ್ರೆ ಕೊಂಡ ಬಡವನು ದೋಷಿಯೇ? ಅವನಿಗೆ ಪರಿಣಾಮ ತಿಳಿಯದು; ತಿಳಿದರೂ ಬೇರೆ ದಾರಿಯಿಲ್ಲ. ತಿಳಿದೂ ಬಿಡಿ ಮಾತ್ರೆ ಮಾರುವವನ ಹೊಣೆ ಹೆಚ್ಚಿನದು. ಪೂರ್ಣ ಚಿಕಿತ್ಸೆಯನ್ನು ಬಡವನ ಕೈಗೆಟಕುವಂತೆ ಮಾಡದ ವ್ಯವಸ್ಥೆಯ ಹೊಣೆ ಅದಕ್ಕಿಂತಲೂ ಹೆಚ್ಚಿನದು. ಆರ್ಟಿಮಿಸಿನಿನ್ ಔಷಧವನ್ನು ಒಂಟಿಯಾಗಿ ಮಾತ್ರೆಯ ರೂಪದಲ್ಲಿ ಮಾರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ತಯಾರಕರನ್ನು ಕೇಳಿಕೊಂಡಿತು. ಎರಡು ಔಷಧಗಳನ್ನು ಕೂಡಿಸಿ ಕೊಟ್ಟರೆ, ಎರಡನ್ನೂ ತಾಳಿಕೊಳ್ಳುವ ಪರೋಪಜೀವಿ ಹುಟ್ಟುವುದು ಅತಿ ವಿರಳ. ಲಾಭಕ್ಕೆ ಮಿತಿ ಹಾಕುವ ಈ ನಿಯಮ ಮುಂದಿನ ರೋಗಿಗೆ ರಕ್ಷೆ.

ಸಂಯಮದ ಫಲಕ್ಕೂ ಸಾಕ್ಷಿಯಿದೆ. ಮಲಾವಿ ದೇಶವು 1993ರಲ್ಲಿ ಕ್ಲೋರೋಕ್ವಿನ್ ಬಳಕೆಯನ್ನು ಕೈಬಿಟ್ಟಿತು. 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಲ್ಲಿ ಅದೇ ಔಷಧದಿಂದ ನೂರಕ್ಕೆ 99ರಷ್ಟು ಮಕ್ಕಳು ಗುಣಹೊಂದಿದರು. ಕಳೆದುಹೋದ ಅಸಲು ಮುಟ್ಟದೆ ಬಿಟ್ಟುದರಿಂದಲೇ ಮರಳಿ ಬಂದಿತ್ತು.

ಔಷಧದ ಶಕ್ತಿ ನಮ್ಮ ಸೊತ್ತಲ್ಲ. ಇನ್ನೂ ಹುಟ್ಟದ ರೋಗಿಯೂ ಅದರಲ್ಲಿ ಪಾಲುದಾರ. ಅವನ ಪಾಲನ್ನು ಕಾಯುವುದು ಕೊಡುವವನ, ಮಾರುವವನ, ಕೊಳ್ಳುವವನ ಸಮಾನ ಕರ್ತವ್ಯವಲ್ಲದಿರಬಹುದು; ಆದರೆ ತಿಳಿದವನಿಗೆ ತಪ್ಪಿಸಿಕೊಳ್ಳಲಾಗದ ಕರ್ತವ್ಯ.